ಬೈಕಿಗೆ ಗಟ್ಟಿ ಪೆಟ್ಟಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಹ್‌ಗೆ ಹೊರಡುವವರು ಏಪ್ರಿಲ್‌ನಲ್ಲಿ ಬೈಕಿನ ಪಕ್ಕಕ್ಕೆ ಕೂರಿಸುವ ಸಾಮಾನು ಪೆಟ್ಟಿಗೆಯ ಬಗ್ಗೆ ಕೇಳಲು ಆರಂಭಿಸುತ್ತಾರೆ; ಅದನ್ನು ಮುರಿದುಕೊಂಡು ಬಂದವರು ಸೆಪ್ಟೆಂಬರ್‌ನಲ್ಲಿ ಕೇಳುತ್ತಾರೆ. ಎರಡೂ ಗುಂಪಿನವರ ಪ್ರಶ್ನೆಗಳು ಇಲ್ಲಿವೆ. ನಾನು ಓದಿಕೊಂಡ ಎಂಜಿನಿಯರ್ ಅಲ್ಲ. ಪೆಟ್ಟಿಗೆ ಹೊತ್ತ ಬೈಕನ್ನು ಬಹಳ ವರ್ಷ ಓಡಿಸಿದ್ದೇನೆ, ಪೆಟ್ಟಿಗೆಯನ್ನು ಬೈಕಿಗೆ ಹಿಡಿದಿಡುವ ಎರಡು ರ‍್ಯಾಕ್ ಮುರಿದಿದ್ದೇನೆ, ಮೂರನೆಯದನ್ನು ಲೇತ್ ಶೆಡ್‌ನಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿಕೊಂಡಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರ ಬಳಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಇರುವುದರಿಂದ ಲೆಕ್ಕಗಳನ್ನು ಅದರ ಮೇಲೆಯೇ ಹಾಕಿದ್ದೇನೆ. ಬೇರೆ ಬೈಕಾದರೆ ಅಂಕಿ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

## ಕೊಳ್ಳುವ ಮೊದಲು

ಗಟ್ಟಿ ಪೆಟ್ಟಿಗೆ ನಿಜಕ್ಕೂ ಬೇಕೇ? ಬ್ಯಾಗ್ ಸಾಲದೇ?

ಹತ್ತರಲ್ಲಿ ಆರು ಜನರಿಗೆ ಬ್ಯಾಗ್ ಸಾಕು ಎಂಬುದು ನನ್ನ ಅಂದಾಜು. ಬ್ಯಾಗ್ ಹಗುರ, ಅಗ್ಗ, ಬಿದ್ದರೆ ಮುದುಡುತ್ತದೆ, ಎದ್ದರೆ ಮತ್ತೆ ಮೊದಲಿನಂತೆ. ಪೆಟ್ಟಿಗೆಯ ಗೆಲುವು ಬೇರೆ ಕಡೆ: ಊಟಕ್ಕೆ ನಿಲ್ಲಿಸಿದಾಗ ಬೀಗ ಹಾಕಿ ಹೋಗಬಹುದು, ಆಗುಂಬೆಯ ಮಳೆಯಲ್ಲಿ ಬಟ್ಟೆ ಒಣಗಿಯೇ ಇರುತ್ತದೆ, ಕ್ಯಾಮೆರಾಗೆ ಪೆಟ್ಟಾಗುವುದಿಲ್ಲ.

ಒಂದು ಅಪಾಯವನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಮರಳಿನಲ್ಲಿ ಅಥವಾ ಕೆಸರಿನಲ್ಲಿ ಬೈಕ್ ವಾಲಿದಾಗ ನಾವು ತಾನಾಗಿ ಕಾಲು ಊರುತ್ತೇವೆ. ಬೈಕ್ ಮುಂದಕ್ಕೆ ಜರುಗುತ್ತದೆ, ಊರಿದ ಕಾಲು ಹಿಂದೆ ಉಳಿಯುತ್ತದೆ, ಪೆಟ್ಟಿಗೆಯ ಮುಂದಿನ ಅಂಚು ಮೀನಖಂಡಕ್ಕೆ ಬಂದು ಬಡಿಯುತ್ತದೆ. ನುಬ್ರಾದ ಹುಂಡರ್ ಮರಳಿನಲ್ಲಿ ಆಟವಾಡುವ ಆಸೆಯಿದ್ದರೆ ಪೆಟ್ಟಿಗೆಗಳನ್ನು ಕೋಣೆಯಲ್ಲಿ ಬಿಚ್ಚಿಟ್ಟು ಹೋಗಿ. ದಾರಿಯ ಬಹುಪಾಲು ಡಾಂಬರಾದರೆ ಪೆಟ್ಟಿಗೆ, ಬಹುಪಾಲು ಕಲ್ಲುಮಣ್ಣಾದರೆ ಬ್ಯಾಗ್.

ಅಲ್ಯೂಮಿನಿಯಂ ಒಳ್ಳೆಯದೇ, ಪ್ಲಾಸ್ಟಿಕ್ ಒಳ್ಳೆಯದೇ?

ಅಲ್ಯೂಮಿನಿಯಂ ಬಗ್ಗುತ್ತದೆ, ಹಳ್ಳಿಯ ಕಮ್ಮಾರನೂ ಅದನ್ನು ಬಡಿದು ಸರಿ ಮಾಡಿಕೊಡಬಲ್ಲ. ಒಳ್ಳೆಯ ಪ್ಲಾಸ್ಟಿಕ್ ಸಣ್ಣ ಪೆಟ್ಟನ್ನು ನುಂಗಿಕೊಂಡು ಮತ್ತೆ ಆಕಾರಕ್ಕೆ ಬರುತ್ತದೆ, ದೊಡ್ಡ ಪೆಟ್ಟು ಬಿದ್ದರೆ ಒಡೆಯುತ್ತದೆ. ಒಡೆದರೆ ದಾರಿಯಲ್ಲಿ ಅದಕ್ಕೆ ಮದ್ದಿಲ್ಲ. ಗುಂಡಿ ಒತ್ತಿ ಕಳಚುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೆಸರಾದ ಇಟಲಿಯ ಗಿವಿ ಕಂಪನಿಯನ್ನು 1978ರಲ್ಲಿ ಕಟ್ಟಿದ ಜುಸೆಪ್ಪೆ ವಿಸೆಂಜಿ ರೇಸ್ ಸವಾರರಾಗಿದ್ದವರು. ಆ ಬಗೆಯ ಪೆಟ್ಟಿಗೆ ನಗರಕ್ಕೂ ಹೆದ್ದಾರಿಗೂ ಹೇಳಿ ಮಾಡಿಸಿದ್ದು. ಸ್ಪಿತಿಗೆ ಹೊರಟವರು ಅಲ್ಯೂಮಿನಿಯಂ ಕಡೆ ವಾಲುವುದು ಬಗ್ಗಿಸಿ ಸರಿಪಡಿಸಬಹುದೆಂಬ ಒಂದೇ ಕಾರಣಕ್ಕೆ. ಅಲ್ಯೂಮಿನಿಯಂ ಕೊಂಡರೆ ಒಳಗೆ ಬಟ್ಟೆಯ ಚೀಲ ಕಡ್ಡಾಯ. ಲೋಹ ತಿಕ್ಕಿ ಬರುವ ಕಪ್ಪು ಪುಡಿ ಬಿಳಿ ಅಂಗಿಯಿಂದ ಯಾವ ಸೋಪಿಗೂ ಹೋಗುವುದಿಲ್ಲ.

ಒಟ್ಟು ಎಷ್ಟು ಕಿಲೋ ಹೇರಬಹುದು?

ಪೆಟ್ಟಿಗೆಯ ಮೇಲೆ ಬರೆದ ಲೀಟರ್ ನೋಡಿ ತೀರ್ಮಾನಿಸಬೇಡಿ. ಬೈಕಿನ ಕೈಪಿಡಿ ತೆರೆಯಿರಿ. ಹೊಸ ಮಾದರಿಯಾದ ಹಿಮಾಲಯನ್ 450ರ ತೂಕ ಪೆಟ್ರೋಲ್ ಸಮೇತ 196 ಕಿಲೋ, ಅದು ಹೊರಬಹುದಾದ ಹೊರೆ 198 ಕಿಲೋ. ಈ 198ರಲ್ಲಿ ನೀವೂ ಸೇರಿದ್ದೀರಿ. ಹೆಲ್ಮೆಟ್, ಜಾಕೆಟ್, ಬೂಟು ಸಮೇತ ಸವಾರ 85 ಕಿಲೋ, ಹಿಂದೆ ಕೂತವರು 65 ಕಿಲೋ ಎಂದಿಟ್ಟುಕೊಳ್ಳಿ. ಉಳಿಯುವುದು 48. ಎರಡು ಅಲ್ಯೂಮಿನಿಯಂ ಪೆಟ್ಟಿಗೆ ಮತ್ತು ಉಕ್ಕಿನ ರ‍್ಯಾಕ್ ಸೇರಿ ಸುಮಾರು 15 ಕಿಲೋ. ಕ್ರ್ಯಾಶ್ ಗಾರ್ಡ್, ದೀಪ, ಮತ್ತೊಂದು ಮಗದೊಂದು ಎಂದು 8 ಕಿಲೋ. ಸಾಮಾನಿಗೆ ಸಿಕ್ಕಿದ್ದು 25 ಕಿಲೋ. ಎರಡು ಪೆಟ್ಟಿಗೆ, ಸೀಟಿನ ಹಿಂದೆ ಮೇಲೆ ಕೂರುವ ಒಂದು ಟಾಪ್ ಬಾಕ್ಸ್, ಮೇಲೊಂದು ಟೆಂಟ್ ಎಂದು ಪಟ್ಟಿ ಮಾಡಿಕೊಂಡವರು ಇಲ್ಲಿ ಸ್ವಲ್ಪ ಹೊತ್ತು ಮೌನವಾಗುತ್ತಾರೆ.

ಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆಗಳನ್ನು ಒಂದೊಂದಾಗಿ ಇಟ್ಟು ನೋಡಿ. ಎಡ ಬಲಗಳ ನಡುವೆ ಒಂದೆರಡು ಕಿಲೋಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನು ಅದಲುಬದಲು ಮಾಡಿ.

ಟಾಪ್ ಬಾಕ್ಸ್ ಒಂದೇ ಹಾಕಿಕೊಂಡರೆ ಆಗುವುದಿಲ್ಲವೇ?

ಹೆಲ್ಮೆಟ್, ಮಳೆಯಂಗಿ, ತಿಂಡಿಪೊಟ್ಟಣಕ್ಕೆ ಆಗುತ್ತದೆ. ಭಾರಕ್ಕೆ ಆಗುವುದಿಲ್ಲ. ಎತ್ತಿನಗಾಡಿಗೆ ಹೇರು ಹಾಕಿದವರಿಗೆ ಹಿಂಭಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ; ಹಿಂದೆ ಭಾರ ಹೆಚ್ಚಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಎಳೆಯುತ್ತದೆ. ಬೈಕಿನಲ್ಲಿ ನೊಗದ ಜಾಗದಲ್ಲಿರುವುದು ಮುಂದಿನ ಚಕ್ರ.

ಹಳೆಯ ಹಿಮಾಲಯನ್ 411ರ ಎರಡು ಚಕ್ರಗಳ ನಡುವಿನ ಅಂತರ 1,465 ಮಿಲಿಮೀಟರ್. ಹಿಂದಿನ ಆಕ್ಸಲ್‌ನಿಂದ (ಚಕ್ರದ ಅಚ್ಚಿನಿಂದ) 40 ಸೆಂಟಿಮೀಟರ್ ಹಿಂದೆ 10 ಕಿಲೋ ಕೂರಿಸಿದರೆ ಮುಂದಿನ ಚಕ್ರದಿಂದ 2.7 ಕಿಲೋ ಕಳೆಯುತ್ತದೆ, ಹಿಂದಿನದಕ್ಕೆ 12.7 ಕಿಲೋ ಕೂಡುತ್ತದೆ. ಅದೇ 10 ಕಿಲೋವನ್ನು ಆಕ್ಸಲ್‌ನ ನೇರಕ್ಕೆ ಪಕ್ಕದಲ್ಲಿ ತೂಗುಹಾಕಿದರೆ ಮುಂದಿನ ಚಕ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಅದರ ಮೇಲೆ ಟಾಪ್ ಬಾಕ್ಸ್ ಎತ್ತರದಲ್ಲೂ ಇದೆ. ಹೆಚ್ಚಿನ ತಯಾರಕರು ಇದಕ್ಕೆ 10 ಕಿಲೋ ಅಥವಾ ಅದಕ್ಕೂ ಕಡಿಮೆ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಪೊಲೀಸರು ಹಿಡಿಯುತ್ತಾರೆಯೇ? ಸೀರೆ ಗಾರ್ಡ್ ತೆಗೆಯಬಹುದೇ?

ತಯಾರಕರು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬೋಲ್ಟ್ ಬಿಚ್ಚಿದರೆ ಕಳಚಿ ಬರುವ ಪೆಟ್ಟಿಗೆಗಾಗಿ ನನ್ನನ್ನು ಯಾರೂ ತಡೆದಿಲ್ಲ. ಆದರೆ ನಂಬರ್ ಪ್ಲೇಟ್, ಬ್ರೇಕ್ ದೀಪ, ಇಂಡಿಕೇಟರ್‌ಗಳಲ್ಲಿ ಒಂದು ಮರೆಯಾದರೂ ವಾದಕ್ಕೆ ಜಾಗವಿಲ್ಲ.

ಸೀರೆ ಗಾರ್ಡ್ ವಿಷಯ ಸೂಕ್ಷ್ಮ. ಹಿಂದೆ ಕೂತವರಿಗೆ ಹಿಡಿಕೆ, ಪಾದಾಸರೆ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಎಡಗಡೆಯ ರ‍್ಯಾಕ್ ಕೂರಿಸಲು ಹೆಚ್ಚಿನ ಬೈಕ್‌ಗಳಲ್ಲಿ ಸೀರೆ ಗಾರ್ಡ್ ಬಿಚ್ಚಲೇಬೇಕು. ಪೆಟ್ಟಿಗೆ ಇರುವಾಗ ಅದೇ ಮರೆ ಎನ್ನಬಹುದೇನೋ. ಪ್ರವಾಸ ಮುಗಿದು ಪೆಟ್ಟಿಗೆ ಕಳಚಿ, ಅಮ್ಮನನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಪೇಟೆಗೆ ಹೊರಟ ದಿನ ಖಾಲಿ ರ‍್ಯಾಕ್ ಸೆರಗನ್ನು ತಡೆಯುವುದಿಲ್ಲ. ಬಿಚ್ಚಿದ ಗಾರ್ಡನ್ನು ಗುಜರಿಗೆ ಹಾಕಬೇಡಿ.

## ಕೂರಿಸುವಾಗ

ರ‍್ಯಾಕ್ ಆರಿಸುವಾಗ ಏನನ್ನು ನೋಡಬೇಕು?

ಪೆಟ್ಟಿಗೆಗಿಂತ ಹೆಚ್ಚು ಹೊತ್ತು ರ‍್ಯಾಕನ್ನೇ ನೋಡಿ. ನನ್ನನ್ನು ಕೇಳಿದರೆ ಹಣವನ್ನೂ ಅಲ್ಲೇ ಹೆಚ್ಚು ಹಾಕಿ. ಸಾವಿರ ರೂಪಾಯಿಯ ತಗಡಿನ ಡಬ್ಬವೂ ಒಳ್ಳೆಯ ರ‍್ಯಾಕ್ ಮೇಲೆ ಲೇಹ್ ಮುಟ್ಟುತ್ತದೆ. ಐವತ್ತು ಸಾವಿರದ ಪೆಟ್ಟಿಗೆ ಕೆಟ್ಟ ರ‍್ಯಾಕ್ ಮೇಲೆ ಅಂಬಾಲಾ ದಾಟುವುದಿಲ್ಲ.

ಬೆಳಗ್ಗೆ ಡೇರಿಗೆ ಹೋಗುವ ಹಾಲಿನವರ ಬೈಕನ್ನು ಒಮ್ಮೆ ಗಮನಿಸಿ. ಎರಡೂ ಪಕ್ಕದ ಕ್ಯಾನ್‌ಗಳು ಕೆಳಗೆ, ಆಕ್ಸಲ್‌ನ ಹತ್ತಿರವೇ ಇರುತ್ತವೆ. ಎಡದ ಚೌಕಟ್ಟು ಸೀಟಿನ ಮೇಲಿಂದ ಬಲದ ಚೌಕಟ್ಟಿಗೆ ಬೆಸೆದುಕೊಂಡಿರುತ್ತದೆ. ಯಾವ ಕಂಪನಿಯ ಚಿತ್ರಪುಸ್ತಕವೂ ಇಲ್ಲದೆ ಊರಿನ ವೆಲ್ಡರ್ ಕಂಡುಕೊಂಡ ವಿನ್ಯಾಸ ಅದು. ಅದರಲ್ಲಿರುವ ಮೂರು ಗುಣಗಳನ್ನೇ ಅಂಗಡಿಯ ರ‍್ಯಾಕ್‌ನಲ್ಲೂ ಹುಡುಕಿ.

ಮೊದಲನೆಯದು, ಪ್ರತಿ ಪಕ್ಕದಲ್ಲಿ ಕನಿಷ್ಠ ಮೂರು ಕಡೆ ಬೈಕಿಗೆ ಹಿಡಿತವಿರಬೇಕು, ಆ ಮೂರೂ ಒಂದೇ ಗೆರೆಯಲ್ಲಿರಬಾರದು. ಮೇಲೆ ಎರಡೇ ಬೋಲ್ಟ್‌ಗಳಿಂದ ತೂಗುವ ರ‍್ಯಾಕ್ ಗಾಳಿಗೆ ಬಾಗಿಲು ಆಡಿದಂತೆ ಆಡುತ್ತದೆ. ಎರಡನೆಯದು, ಎಡ ಬಲಗಳನ್ನು ಹಿಂದೆ, ನಂಬರ್ ಪ್ಲೇಟಿನ ಕೆಳಗೆ ಒಂದು ಅಡ್ಡ ಸರಳು ಜೋಡಿಸಿರಬೇಕು. ಈ ಒಂದು ಸರಳಿಗೆ ಮುಕ್ಕಾಲು ಕಿಲೋ ಖರ್ಚಾಗಬಹುದು. ಅದು ಕೊಡುವ ಬಿಗಿ ಬೇರೆ ಯಾವ ಮಾರ್ಪಾಡಿನಿಂದಲೂ ಬರುವುದಿಲ್ಲ. ಒಂದು ಪೆಟ್ಟಿಗೆಯನ್ನು ಹಿಡಿದು ಹೊರಕ್ಕೆ ಎಳೆದರೆ ಇನ್ನೊಂದು ಒಳಕ್ಕೆ ಚಲಿಸಬೇಕು, ಹಾಗಾದರೆ ಇಬ್ಬರೂ ಹೊರೆ ಹಂಚಿಕೊಂಡಿದ್ದಾರೆ ಎಂದರ್ಥ. ಮೂರನೆಯದು, ಪೈಪಿನ ತುದಿಯನ್ನು ಜಜ್ಜಿ ಚಪ್ಪಟೆ ಮಾಡಿ ತೂತು ಕೊರೆದಿದ್ದರೆ ಅನುಮಾನಪಡಿ. ಪೈಪ್ ಚಪ್ಪಟೆಯಾಗುವ ಆ ಕತ್ತಿನಲ್ಲೇ ಮೊದಲ ಬಿರುಕು ಹುಟ್ಟುತ್ತದೆ. ನನ್ನ ಎರಡೂ ರ‍್ಯಾಕ್ ಮುರಿದದ್ದು ಅಲ್ಲಿಯೇ.

ಕೊನೆಯ ರಂಧ್ರ ಹೊಂದುತ್ತಿಲ್ಲ. ಬೋಲ್ಟ್‌ನಿಂದಲೇ ಎಳೆದು ಬಿಗಿಯಬಹುದೇ?

ಬೇಡ. ಎಳೆದು ಕೂರಿಸಿದ ಪಟ್ಟಿ ಬೈಕ್ ಹೊರಡುವ ಮೊದಲೇ ಅರ್ಧ ದಣಿದಿರುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಲ್ಲಿ ಎರಡು ಸುತ್ತು ಹಾಕಿ ಸಡಿಲವಾಗಿ ಬಿಡಿ, ರ‍್ಯಾಕ್ ತನ್ನ ಜಾಗಕ್ಕೆ ಬರಲಿ, ಆಮೇಲೆ ಚಾಸಿಯ ಕಡೆಯಿಂದ ಹೊರಗಿನ ಕಡೆಗೆ ಬಿಗಿಯುತ್ತ ಬನ್ನಿ. ಆಗಲೂ ಎರಡು ಮಿಲಿಮೀಟರ್ ಸಂದು ಉಳಿದರೆ ಅಷ್ಟೇ ದಪ್ಪದ ಲೋಹದ ತುಂಡನ್ನು ನಡುವೆ ಇಡಿ. ಸಂದು ದೊಡ್ಡದಾದರೆ ಐದಾರು ವಾಷರ್ ಪೇರಿಸಬೇಡಿ; ಲೇತ್‌ನಲ್ಲಿ ಒಂದೇ ತುಂಡಿನ ಕೊಳವೆ ಮಾಡಿಸಿ. ರಂಧ್ರವನ್ನು ಉದ್ದ ಮಾಡುವುದಾದರೆ ರ‍್ಯಾಕ್‌ನ ರಂಧ್ರವನ್ನು ಮಾಡಿ, ಬೈಕಿನದನ್ನು ಮುಟ್ಟಬೇಡಿ.

ತುಕ್ಕು ಹಿಡಿಯಬಾರದೆಂದು ಎಲ್ಲ ಕಡೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ದೇನೆ. ಸರಿಯೇ?

ಹೊಳಪಿಗೆ ಸರಿ, ಬಲಕ್ಕೆ ಅಷ್ಟಾಗಿ ಅಲ್ಲ. ತಲೆಯ ಮೇಲೆ 8.8 ಎಂದು ಬರೆದ ಉಕ್ಕಿನ ಬೋಲ್ಟ್ ಸುಮಾರು 640 ಮೆಗಾಪಾಸ್ಕಲ್‌ವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲುತ್ತದೆ. ಸಾಮಾನ್ಯ ಎ2-70 ಸ್ಟೇನ್‌ಲೆಸ್ 450ಕ್ಕೇ ಹಿಗ್ಗಲು ಆರಂಭಿಸುತ್ತದೆ. ಹೊರೆ ಹೊರುವ ಜಾಗಕ್ಕೆ 8.8, ಸತು ಲೇಪಿಸಿದ್ದು. ನಂಬರ್ ಪ್ಲೇಟು, ಮುಚ್ಚಳದ ಕೊಂಡಿಗೆ ಸ್ಟೇನ್‌ಲೆಸ್. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದಂತೆಯೇ ವೇಗವಾಗಿ ತಿರುಗಿಸಿದರೆ ಎರಡೂ ಕಚ್ಚಿಕೊಂಡು ಒಂದೇ ಲೋಹವಾಗಿಬಿಡುವುದೂ ಉಂಟು. ಆಮೇಲೆ ಗರಗಸವೇ ಗತಿ.

ಒಳಗೆ ನೈಲಾನ್ ಉಂಗುರವಿರುವ ನಟ್ ಒಳ್ಳೆಯದು, ಆದರೆ ಸುಮಾರು 120 ಡಿಗ್ರಿ ಬಿಸಿಗಿಂತ ಮೇಲೆ ಆ ಉಂಗುರ ಸೋಲುತ್ತದೆ. ಸೈಲೆನ್ಸರ್ ಪಕ್ಕದಲ್ಲಿ ಪೂರ್ತಿ ಲೋಹದ ಲಾಕ್ ನಟ್ ಹಾಕಿ. ಎರಡು ಮೂರು ಬಾರಿ ಬಿಚ್ಚಿದ ನೈಲಾನ್ ನಟ್ಟನ್ನು ಎಸೆಯುವುದೇ ಒಳ್ಳೆಯದು.

ಎಷ್ಟು ಬಿಗಿ ಮಾಡಬೇಕು?

ಬೈಕಿನ ಕೈಪಿಡಿ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಇಲ್ಲದಿದ್ದರೆ, ಉಕ್ಕಿಗೆ ಉಕ್ಕು ಕೂಡುವ ಕಡೆ 8.8 ದರ್ಜೆಗೆ ಸುಮಾರು ಹೀಗೆ: ಎಂ6ಗೆ (6 ಮಿಲಿಮೀಟರ್ ದಪ್ಪದ ಬೋಲ್ಟ್) 10 ನ್ಯೂಟನ್ ಮೀಟರ್, ಎಂ8ಗೆ 25, ಎಂ10ಕ್ಕೆ 48. ಅಲ್ಯೂಮಿನಿಯಂ ಎಳೆಗಳಿಗೆ (ತಿರುಪಿನ ಗೆರೆಗಳಿಗೆ) ಇಷ್ಟು ಬೇಡ. ನೀಲಿ ಬಣ್ಣದ ಥ್ರೆಡ್ ಲಾಕ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು; ಕೆಂಪನ್ನು ಬಳಸಿದರೆ ಮುಂದೆ ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ.

ಹೊಸ ರ‍್ಯಾಕ್‌ನ ಬಣ್ಣ ವಾಷರ್ ಅಡಿಯಲ್ಲಿ ಜಜ್ಜಿ ತೆಳುವಾಗುತ್ತದೆ, ಆ ಕೂದಲೆಳೆಯಷ್ಟು ಜಾಗದಲ್ಲೇ ಬಿಗಿ ಹೋಗುತ್ತದೆ. ಆದ್ದರಿಂದ ಮೊದಲ 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಿರಿ. ಆಮೇಲೆ ನಟ್ ಮೇಲಿಂದ ರ‍್ಯಾಕ್‌ವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದುಬಿಡಿ. ಬೆಳಗ್ಗೆ ಚಹಾ ಕುಡಿಯುತ್ತ ಗೆರೆ ಮುರಿದಿದೆಯೇ ಎಂದು ಕಣ್ಣಾಡಿಸಿದರೆ ಸಾಕು.

ಸೈಲೆನ್ಸರ್ ಇರುವ ಕಡೆ ಎಷ್ಟು ಅಂತರ ಬಿಡಬೇಕು?

ಅಲ್ಯೂಮಿನಿಯಂ ಪೆಟ್ಟಿಗೆಯಾದರೆ ಎರಡು ಬೆರಳು, ಪ್ಲಾಸ್ಟಿಕ್ ಆದರೆ ನಾಲ್ಕು. ಹೊಗೆ ಹೊರಬರುವ ಬಾಯಿ ಪೆಟ್ಟಿಗೆಯ ಕಡೆ ತಿರುಗಿರಬಾರದು. ಇದಕ್ಕಿಂತ ಜನ ಹೆಚ್ಚು ಮರೆಯುವುದು ಕೆಳಗಿನ ಚಲನೆಯನ್ನು. ನಿಂತ ಬೈಕಿನಲ್ಲಿ ಎಲ್ಲವೂ ದೂರ ಕಾಣುತ್ತದೆ. 411ರ ಹಿಂದಿನ ಚಕ್ರ 180 ಮಿಲಿಮೀಟರ್ ಮೇಲಕ್ಕೆ ಬರುತ್ತದೆ. ಇಬ್ಬರು ಗೆಳೆಯರನ್ನು ಸೀಟಿನ ಮೇಲೆ ಕುಣಿಸಿ, ಚಕ್ರವಾಗಲಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿಯುವ ತೋಳು) ಆಗಲಿ ಚೈನ್ ಕವರ್ ಆಗಲಿ ಅಡ್ಡ ಸರಳಿಗೆ ತಾಕುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

## ಗಟ್ಟಿ ಮಾಡುವಾಗ

ನಾನು ಹೆಚ್ಚು ಭಾರ ಹಾಕಿಯೇ ಇಲ್ಲ. ಆದರೂ ರ‍್ಯಾಕ್ ಏಕೆ ಮುರಿಯಿತು?

ಭಾರಕ್ಕೆ ಮುರಿದಿಲ್ಲ, ದಣಿವಿಗೆ ಮುರಿದಿದೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕೆಲಸವನ್ನು ಎಂಜಿನ್ ಬಹಳ ಸಣ್ಣದಾಗಿ, ಬಹಳ ಬಾರಿ ಮಾಡುತ್ತದೆ. ಒಂಟಿ ಸಿಲಿಂಡರ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಸೆಕೆಂಡಿಗೆ 67 ಬಾರಿ ಅದುರುತ್ತದೆ. ಬೆಂಗಳೂರಿನಿಂದ ಲೇಹ್ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಂಟೆಗೆ 60ರಂತೆ 50 ಗಂಟೆ ಹಿಡಿದರೂ ಒಂದು ಕೋಟಿ ಇಪ್ಪತ್ತು ಲಕ್ಷ ಬಾರಿ. ಹೋಗುವಾಗ ಮಾತ್ರದ ಲೆಕ್ಕ ಇದು. ಅದರ ಮೇಲೆ ಗುಂಡಿಗಳು: ಚಕ್ರ ಧಡಕ್ಕೆಂದ ಕ್ಷಣದಲ್ಲಿ 12 ಕಿಲೋದ ಪೆಟ್ಟಿಗೆ ಅದರ ಎರಡು ಮೂರು ಪಟ್ಟು ತೂಗುತ್ತದೆ.

ಉಕ್ಕಿಗೆ ಒಂದು ಸೌಜನ್ಯವಿದೆ. ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಎಷ್ಟು ಕೋಟಿ ಬಾರಿ ಅದುರಿದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸುರಕ್ಷಿತ ಮಟ್ಟವೇ ಇಲ್ಲ. ಸಣ್ಣ ಅದುರೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ರ‍್ಯಾಕ್ ಉಕ್ಕಿನದಿರಲಿ, ಪೆಟ್ಟಿಗೆ ಅಲ್ಯೂಮಿನಿಯಂ ಇರಲಿ ಎಂದು ನಾನು ಹೇಳುವುದು ಇದಕ್ಕೇ. ಸ್ಥಳೀಯವಾಗಿ ಅಲ್ಯೂಮಿನಿಯಂ ರ‍್ಯಾಕ್ ಮಾಡಿಸಿಕೊಳ್ಳುವ ಆಸೆ ಬೇಡ.

ಪೈಪಿನ ಬದಲು ಗಟ್ಟಿ ಸರಳನ್ನೇ ಹಾಕಿಸಿದರೆ ಹೇಗೆ?

ಪ್ರತಿ ವೆಲ್ಡರ್ ಕೊಡುವ ಸಲಹೆ ಇದು, ಪ್ರತಿ ಬಾರಿಯೂ ತಪ್ಪು. 16 ಮಿಲಿಮೀಟರ್ ಹೊರವ್ಯಾಸ, 2 ಮಿಲಿಮೀಟರ್ ಗೋಡೆಯ ಪೈಪನ್ನು ತೆಗೆದುಕೊಳ್ಳಿ. ಅದೇ ಗಾತ್ರದ ಗಟ್ಟಿ ಸರಳು ತೂಕದಲ್ಲಿ 2.3 ಪಟ್ಟು, ಬಾಗದಿರುವ ಗುಣದಲ್ಲಿ ಒಂದೂವರೆ ಪಟ್ಟೂ ಪೂರ್ತಿ ಇಲ್ಲ. ಬದಲಿಗೆ 2 ಮಿಲಿಮೀಟರ್ ಗೋಡೆಯ 20ರ ಪೈಪ್ ಹಾಕಿಸಿದರೆ ತೂಕ ಶೇಕಡಾ 29ರಷ್ಟು ಹೆಚ್ಚಿ, ಬಿಗಿ ಎರಡು ಪಟ್ಟು ದಾಟುತ್ತದೆ. ಬಿದಿರು ಟೊಳ್ಳಾಗಿ ಬೆಳೆಯುವುದು ಸುಮ್ಮನೆ ಅಲ್ಲ.

ಪೈಪ್ ಕೊಳ್ಳುವಾಗ ಸತು ಲೇಪಿಸಿದ ನೀರಿನ ಪೈಪನ್ನು ಅಗ್ಗವೆಂದು ತರಬೇಡಿ. ಅದನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಆ ರಾತ್ರಿ ವೆಲ್ಡರ್‌ಗೆ ಚಳಿಜ್ವರ ತರಿಸಬಲ್ಲದು.

ಬಿರುಕು ಬಿಟ್ಟ ಜಾಗಕ್ಕೆ ವೆಲ್ಡಿಂಗ್ ಹಾಕಿಸಿದರೆ ಸಾಕೇ?

ಬಿರುಕಿನ ಮೇಲೆ ಗೆರೆ ಎಳೆದಂತೆ ವೆಲ್ಡ್ ಮಾಡಿದರೆ ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಬಿರುಕನ್ನು ಗ್ರೈಂಡರ್‌ನಿಂದ ವಿ ಆಕಾರಕ್ಕೆ ತೆರೆದು ತುಂಬಿಸಬೇಕು. ಪೈಪ್ ಮುರಿದಿದ್ದರೆ ಒಳಗೆ ಬಿಗಿಯಾಗಿ ಕೂರುವ ಮೂರು ಇಂಚಿನ ಸಣ್ಣ ಪೈಪ್ ತೂರಿಸಿ, ಆಮೇಲೆ ಬೆಸೆಯಬೇಕು. ಮೂಲೆಗೆ ತ್ರಿಕೋನದ ತಗಡು ಕೊಡುವುದಾದರೆ ಅದರ ತುದಿಗಳನ್ನು ಇಳಿಜಾರಾಗಿ ಕತ್ತರಿಸಿ. ಪೈಪಿಗೆ ಅಡ್ಡಲಾಗಿ ಚೂಪಾಗಿ ಮುಗಿಯುವ ವೆಲ್ಡ್ ಹೊಸ ಬಿರುಕಿಗೆ ಆಹ್ವಾನ.

ಬೈಕಿನ ಮೇಲಿರುವಂತೆಯೇ ಎಂದಿಗೂ ವೆಲ್ಡ್ ಮಾಡಿಸಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಎಬಿಎಸ್ ಘಟಕದ ಪ್ಲಗ್ ಕಳಚಿ, ಅರ್ಥಿಂಗ್ ಕ್ಲಿಪ್ಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಿಸಿ. ಕ್ಲಿಪ್ ಎಲ್ಲೋ ಮುಂದಿನ ಆಕ್ಸಲ್‌ಗೆ ಸಿಕ್ಕಿಸಿದರೆ ವಿದ್ಯುತ್ತು ಬೇರಿಂಗ್‌ಗಳ ಮೂಲಕ ಹಾದು ಅವುಗಳನ್ನು ಹಾಳು ಮಾಡುತ್ತದೆ.

ಪೆಟ್ಟಿಗೆಯಲ್ಲಿನ ಬೋಲ್ಟ್ ರಂಧ್ರಗಳು ದಿನೇ ದಿನೇ ದೊಡ್ಡದಾಗುತ್ತಿವೆ. ಏನು ಮಾಡಲಿ?

ಒಂದೂವರೆ ಮಿಲಿಮೀಟರ್ ತಗಡಿನ ಮೇಲೆ ರೂಪಾಯಿ ನಾಣ್ಯದಷ್ಟು ವಾಷರ್ ಇಟ್ಟರೆ ಹಾಗೆಯೇ ಆಗುವುದು. ಒಳಗಡೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಪೆಟ್ಟಿಗೆಯನ್ನು ತೂಗುಹಾಕುವ ಮೇಲಿನ ಎರಡೂ ಕೊಂಡಿಗಳಿಗೆ ಸೇರುವಂತೆ ಉದ್ದಕ್ಕೆ ಕೊಡಿ, ಮೂಲೆಗಳನ್ನು ಅರದಿಂದ ದುಂಡಗೆ ಮಾಡಿ. ಬಿರುಕು ಆಗಲೇ ಹುಟ್ಟಿದ್ದರೆ ಅದರ ತುದಿ ಎಲ್ಲಿದೆಯೆಂದು ನೋಡಿ ಅಲ್ಲಿಗೆ 3 ಮಿಲಿಮೀಟರ್ ರಂಧ್ರ ಕೊರೆಯಿರಿ. ಚೂಪು ತುದಿ ದುಂಡಗಾದರೆ ಬಿರುಕಿನ ಓಟ ನಿಧಾನವಾಗುತ್ತದೆ.

ಮೂಲಕಾರಣ ಮಾತ್ರ ಸಡಿಲ. ಪೆಟ್ಟಿಗೆ ರ‍್ಯಾಕ್ ಮೇಲೆ ಗಲಗಲ ಎಂದರೆ ಪ್ರತಿ ಗುಂಡಿಯೂ ಸುತ್ತಿಗೆ ಪೆಟ್ಟು. ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸಿ ಪೈಪಿಗೆ ಸುತ್ತಿ. ಮುಚ್ಚಿದ ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಇಡೀ ಬೈಕೇ ಅಲ್ಲಾಡಬೇಕು, ಪೆಟ್ಟಿಗೆ ಒಂದೇ ಅಲ್ಲ.

ಸಬ್‌ಫ್ರೇಮಿಗೇ ಬಲ ಕೊಡಿಸಿಬಿಟ್ಟರೆ ಚಿಂತೆಯೇ ಇಲ್ಲವಲ್ಲ?

ಸಬ್‌ಫ್ರೇಮ್ ಎಂದರೆ ಸೀಟನ್ನೂ ಹಿಂದಿನ ಹೊರೆಯನ್ನೂ ಹೊರುವ ಹಿಂಭಾಗದ ಚೌಕಟ್ಟು. ಚಿಂತೆ ಹೋಗುವುದಿಲ್ಲ, ಮನೆ ಬದಲಾಯಿಸುತ್ತದೆ. ಕೊಂಡಿಯನ್ನು ಗಟ್ಟಿ ಮಾಡಿದರೆ ರ‍್ಯಾಕ್ ಬಿರಿಯುತ್ತದೆ, ರ‍್ಯಾಕ್ ಗಟ್ಟಿ ಮಾಡಿದರೆ ಸಬ್‌ಫ್ರೇಮ್, ಅದನ್ನೂ ಗಟ್ಟಿ ಮಾಡಿದರೆ ಅದು ಚಾಸಿಗೆ ಕೂಡುವ ಜಾಗ. ಎಲ್ಲೋ ಒಂದು ಕಡೆ ಸೋಲಲೇಬೇಕಾದರೆ ನೂರು ರೂಪಾಯಿಯ ಕೊಂಡಿ ಸೋಲಲಿ. ಬೈಕ್ ಬಿದ್ದಾಗಲೂ ಇದೇ ಮಾತು: ಪೆಟ್ಟಿಗೆಯ ಕೊಂಡಿ ಕಿತ್ತು ಬರಬೇಕು, ಚಾಸಿ ತಿರುಚಿಕೊಳ್ಳಬಾರದು. ತಿರುಚಿದ ಚಾಸಿಗೆ ವಿಮೆಯವರ ಮುಂದೆ ಕಥೆ ಹೇಳುವುದು ಸುಲಭವಲ್ಲ, ಅದರಲ್ಲೂ ಅದಕ್ಕೆ ನೀವೇ ವೆಲ್ಡ್ ಹಾಕಿಸಿದ್ದರೆ.

ಸಬ್‌ಫ್ರೇಮ್ ಬಿರುಕು ಬಿಡುತ್ತಿದ್ದರೆ ಐದು ಕಿಲೋ ಇಳಿಸಿ ನೋಡಿ. ಖರ್ಚಿಲ್ಲದ ಬಲವರ್ಧನೆ ಅದೊಂದೇ.

## ದಾರಿಯಲ್ಲಿ

ಗಂಟೆಗೆ 90 ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಪೆಟ್ಟಿಗೆಯ ತಪ್ಪೇ?

ಪೆಟ್ಟಿಗೆಯ ಒಳಗಿನದ್ದರ ತಪ್ಪು ಇರಬಹುದು. ಮೊದಲು ಟಾಪ್ ಬಾಕ್ಸ್ ತೆಗೆದು ಓಡಿಸಿ. ಹತ್ತರಲ್ಲಿ ಏಳು ಬಾರಿ ಅಲ್ಲಿಗೇ ಮುಗಿಯುತ್ತದೆ. ಉಳಿದರೆ ಹಿಂದಿನ ಶಾಕ್ ಅಬ್ಸಾರ್ಬರ್ ಪ್ರಿಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಡುವ ಬಿಗಿ) ಏರಿಸಿ. ನೀವು ಕೂತು ಸಾಮಾನು ಹೇರಿದ ಮೇಲೆ ಬೈಕ್ ತನ್ನ ಒಟ್ಟು ಚಲನೆಯ ಮೂರನೇ ಒಂದರಷ್ಟು ಮಾತ್ರ ಕುಸಿಯಬೇಕು. ಅದಕ್ಕಿಂತ ಹೆಚ್ಚು ಕುಸಿದರೆ ಮುಂಭಾಗ ಎದ್ದು, ಹ್ಯಾಂಡಲ್ ಹಗುರವಾಗಿ, ಲಾರಿಯ ಗಾಳಿಗೂ ಅಲುಗುತ್ತದೆ. ಟೈರ್ ಗಾಳಿಯನ್ನು ಇಬ್ಬರು ಸವಾರರಿಗೆ ಹೇಳಿದ ಮಟ್ಟಕ್ಕೆ ತನ್ನಿ. ಕೊನೆಗೆ ಸ್ಟೀರಿಂಗ್ ಬೇರಿಂಗ್ ಪರೀಕ್ಷಿಸಿ. ನಡುಕ ಬಂದಾಗ ಹ್ಯಾಂಡಲ್ ಹಿಸುಕಿ ಹಿಡಿಯಬೇಡಿ, ಬ್ರೇಕನ್ನೂ ತಟ್ಟನೆ ಒತ್ತಬೇಡಿ. ವೇಗ ತಾನಾಗಿ ಇಳಿಯಲಿ.

ಪೆಟ್ರೋಲ್ ಕ್ಯಾನ್ ಎಲ್ಲಿ ಕಟ್ಟಬೇಕು?

ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ಎಂಬ ಪ್ರಸಿದ್ಧ ಫಲಕ ನೋಡಿ ಎಲ್ಲರಿಗೂ ಈ ಪ್ರಶ್ನೆ ಬರುತ್ತದೆ. ಕ್ಯಾನ್ ಪೆಟ್ಟಿಗೆಯ ಮುಂಭಾಗದಲ್ಲಿರಲಿ, ಸೈಲೆನ್ಸರ್ ಇಲ್ಲದ ಕಡೆ. ಹಿಮಾಲಯನ್‌ನಲ್ಲಿ ಅಂದರೆ ಎಡಕ್ಕೆ. ಪೆಟ್ಟಿಗೆಯ ಹಿಂದೆ ಕಟ್ಟಿದರೆ ಮತ್ತೆ ಹಿಂಭಾರ. ಕಂಠದವರೆಗೆ ತುಂಬಿಸಬೇಡಿ. 5,359 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಚಿಪ್ಸ್ ಪೊಟ್ಟಣ ಉಬ್ಬುವಂತೆ ಕ್ಯಾನೂ ಉಬ್ಬುತ್ತದೆ. ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ. ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಸುರಿದು ಖಾಲಿ ಮಾಡಿಬಿಡಿ.

ನೀರು ಮತ್ತು ಧೂಳು ಒಳಗೆ ಬರುತ್ತಿವೆ.

ಮುಚ್ಚಳದ ರಬ್ಬರ್ ಪಟ್ಟಿಯ ಮೇಲೆ ಸೀಮೆಸುಣ್ಣದ ಪುಡಿ ಸವರಿ ಮುಚ್ಚಿ ತೆರೆಯಿರಿ. ಅಂಚಿನಲ್ಲಿ ಎಲ್ಲಿ ಪುಡಿ ಅಂಟಿಲ್ಲವೋ ಅಲ್ಲಿಂದಲೇ ಬರುತ್ತಿದೆ. ಅಂಚು ಬಗ್ಗಿದ್ದರೆ ಮರದ ಕೊಡತಿಯಿಂದ ತಟ್ಟಿ. ರಿವೆಟ್ ತಲೆಗಳಿಗೆ ಒಳಗಿನಿಂದ ಸಿಲಿಕೋನ್ ಹಚ್ಚಿ.

ದಾರಿಯಲ್ಲಿ ರ‍್ಯಾಕ್ ಮುರಿದರೆ?

ಸ್ಪಿತಿಗೆ ಹೋಗುವಾಗ ಗ್ರಾಂಫೂವಿನಿಂದ ಬಾತಲ್ ದಾಟಿ ಕುಂಜುಮ್ ಏರುವ ದಾರಿಯಲ್ಲಿ ನನ್ನದು ಮುರಿಯಿತು. ಅಲ್ಲಿ ದಾರಿ ಎನ್ನುವುದೇ ಸೌಜನ್ಯದ ಮಾತು, ತೊರೆಗಳು ಉರುಳಿಸಿ ತಂದ ಕಲ್ಲುಗಳ ಸಾಲು. ಎಡದ ಪೆಟ್ಟಿಗೆ ಮಂಡಿಯೂರಿ ಕೂತಂತೆ ಚಕ್ರದ ಕಡೆ ವಾಲಿತ್ತು. ಟೈರ್ ಬಿಚ್ಚುವ ಲಿವರ್ ಒಂದನ್ನು ಮುರಿದ ಪೈಪಿನ ಗುಂಟ ಇಟ್ಟು, ನಾಲ್ಕು ಹೋಸ್ ಕ್ಲಿಪ್ ಬಿಗಿದೆವು, ಮುರಿದ ಮೂಳೆಗೆ ದಬ್ಬೆ ಕಟ್ಟಿದ ಹಾಗೆ. ಎಡದ ರ‍್ಯಾಕ್‌ನಿಂದ ಸೀಟಿನ ಮೇಲೆ ಹಾದು ಬಲಕ್ಕೆ ಒಂದು ರ‍್ಯಾಚೆಟ್ ಪಟ್ಟಿ ಎಳೆದೆವು. ಎಡ ಪೆಟ್ಟಿಗೆಯ ಭಾರದ ಸಾಮಾನು ಗೆಳೆಯನ ಬ್ಯಾಗಿಗೆ ಹೋಯಿತು. ಆ ದಬ್ಬೆ ಕಾಜಾದ ವೆಲ್ಡಿಂಗ್ ಶೆಡ್ಡಿನವರೆಗೂ ತಾಳಿತು. ಆ ಲಿವರನ್ನು ಈಗಲೂ ಬಿಸಾಡಿಲ್ಲ.

ಹಾಗಾಗಿ ಹೋಸ್ ಕ್ಲಿಪ್ ಆರು, ಕಟ್ಟು ತಂತಿ ಎರಡು ಮೀಟರ್, ರ‍್ಯಾಚೆಟ್ ಪಟ್ಟಿ ಎರಡು, ಎಂ6 ಮತ್ತು ಎಂ8 ಬೋಲ್ಟು ನಟ್ಟು ನಾಲ್ಕು ನಾಲ್ಕು. ಎಲ್ಲ ಸೇರಿ ಅರ್ಧ ಕಿಲೋ. ಇವನ್ನು ಮುರಿಯಬಹುದಾದ ಪೆಟ್ಟಿಗೆಯಲ್ಲಿ ಇಡದೆ ಸೀಟಿನ ಕೆಳಗೆ ಇಡಿ.

ಮಂಗಳೂರಿನವನು. ಒಂದು ಮಳೆಗಾಲ ಕಳೆದ ಮೇಲೆ ಕೊಂಡಿಯ ಬೋಲ್ಟ್‌ಗಳು ಬಿಚ್ಚಲು ಬರುತ್ತಿಲ್ಲ, ಸುತ್ತ ಬಿಳಿ ಪುಡಿ ಕಟ್ಟಿದೆ.

ಕಾರವಾರದಿಂದ ಮಂಗಳೂರುವರೆಗೆ ಎಲ್ಲರ ದೂರೂ ಇದೇ. ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪುನೀರಿನಲ್ಲಿ ಒದ್ದೆಯಾಗಿ ಅಂಟಿಕೊಂಡಿದ್ದರೆ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ, ಕರಗುವುದು ಅಲ್ಯೂಮಿನಿಯಂ. ಆ ಬಿಳಿ ಪುಡಿ ನಿಮ್ಮ ಪೆಟ್ಟಿಗೆಯೇ. ಈಗ ಬಲ ಪ್ರಯೋಗಿಸಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ನಂತರ ಹಿಂದೆ ಮುಂದೆ ತಿರುಗಿಸುತ್ತ ತೆಗೆಯಿರಿ. ಮತ್ತೆ ಹಾಕುವಾಗ ಎರಡು ಲೋಹಗಳ ನಡುವೆ ನೈಲಾನ್ ವಾಷರ್ ಅಥವಾ ರಬ್ಬರ್ ತುಂಡು, ಬೋಲ್ಟಿನ ಮೈಗೆ ಗ್ರೀಸ್. ಗ್ರೀಸ್ ಹಚ್ಚಿದ ಎಳೆ ಅದೇ ಅಂಕಿಗೆ ಹೆಚ್ಚು ಬಿಗಿಯುತ್ತದೆ, ಆದ್ದರಿಂದ ಟಾರ್ಕ್ (ಬಿಗಿಯುವ ಬಲದ ಅಂಕಿ) ತುಸು ಇಳಿಸಿ. ರ‍್ಯಾಕ್ ಪೈಪಿನ ಕೆಳತುದಿಯಲ್ಲಿ ನೀರು ಇಳಿಯಲು 4 ಮಿಲಿಮೀಟರ್ ರಂಧ್ರ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಒಳಗಿನಿಂದ ಕೊಳೆಯುತ್ತಿರುತ್ತದೆ, ಹೊರಗಿನ ಕಪ್ಪು ಬಣ್ಣ ಹೊಸದರಂತೆಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಗೂ ಹೋಗದಿದ್ದರೆ ಪೆಟ್ಟಿಗೆ, ರ‍್ಯಾಕ್ ಎರಡನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿ, ಸೀರೆ ಗಾರ್ಡನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ.